ಒಂಬತ್ತನೆಯ ದೀಪ

ಬೆಳಗಿನ ಆರೂ ಇಪ್ಪತ್ತು. ತೋರಣಗಲ್ಲಿನ ಮಂಜು
ಪೂರಾ ಬಿಳಿಯಲ್ಲ,
ಒಗೆದ ಮೇಲೂ ಕಲೆ ಉಳಿದ ಧೋತರದ ಬಣ್ಣ.
ದರೋಜಿ ಕೆರೆಯಿಂದ ಏಳುವಾಗ ಚೊಕ್ಕಟವೇ ಇರುತ್ತದೆ,
ದಾರಿಯಲ್ಲಿ ಕುಲುಮೆಯ ಹೊಗೆ, ಅದಿರಿನ ಧೂಳು
ಅದರ ಕೈ ಹಿಡಿಯುತ್ತವೆ.

ರನ್‌ವೇ ಪಕ್ಕದ ಕಟ್ಟೆಯ ಮೇಲೆ ನಾನು.
ಸ್ವೆಟರಿನ ಮೇಲೆ ಹೊಳೆಯುವ ಹಸಿರಂಗಿ,
ಕೈಯಲ್ಲಿ ವಾಕಿಟಾಕಿ, ಕಿವಿಗೆ ಮಫ್ಲರು.
ಕೆಲಸ ಇಷ್ಟೇ: ಅಂಚಿನ ದೀಪ ಎಣಿಸುವುದು.
ದೀಪದಿಂದ ದೀಪಕ್ಕೆ ಅರವತ್ತು ಮೀಟರು.
ನಾನು ಎಣಿಸಿದ್ದನ್ನು ಟವರಿನ ಸುಮಿತ್ರಾ ಗುಣಿಸುತ್ತಾಳೆ,
ಗುಣಿಸಿದ್ದನ್ನು ಕ್ಯಾಪ್ಟನ್ ತೂಗುತ್ತಾನೆ.
ಒಂಬತ್ತು ಕಂಡರೆ ಹಾರಬಹುದು.
ಎಂಟಾದರೆ ಕೂತಿರಬೇಕು.

ಒಂದು, ಎರಡು, ಮೂರು, ನೆಂಟರ ಹಾಗೆ ಎದುರಿಗೇ ನಿಂತಿವೆ.
ನಾಲ್ಕು, ಐದು, ಆರು ದನಿ ತಗ್ಗಿಸಿವೆ.
ಏಳಕ್ಕೆ ಕಣ್ಣು ಕಿರಿದು ಮಾಡಬೇಕು.
ಎಂಟು, ಮಜ್ಜಿಗೆಗೆ ಬಿದ್ದ ಮಂಡಕ್ಕಿ ಕಾಳು.
ಒಂಬತ್ತು

"ಎಷ್ಟ್ ಬಂತ್ರೀ ಎರ್ರಿಸ್ವಾಮಿ?"
ಸುಮಿತ್ರಾಳ ದನಿಯ ಹಿಂದೆ ಮ್ಯಾನೇಜರನ ಕೆಮ್ಮು,
ಅದರ ಹಿಂದೆ, ಸೀಟುಪಟ್ಟಿ ಬಿಗಿದು ಗಡಿಯಾರ ನೋಡುವ
ಅರವತ್ತೊಂದು ಜನ.
ಫೈರ್ ಗಾಡಿಯ ಮೌಲಾಹುಸೇನ ಇಳಿದು ಬಂದ,
ನನ್ನ ಭುಜದ ಪಕ್ಕ ನಿಂತು ಒಂದು ಕಣ್ಣು ಮುಚ್ಚಿ ನೋಡಿದ.
"ಐತಲ್ಲೋ, ಅಗಾ ಅಲ್ಲಿ."
"ಎಲ್ಲಿ?"
"ಇರಬೇಕಾದಲ್ಲಿ."

ಇರಬೇಕಾದಲ್ಲಿ ನನಗೂ ಕಂಡಿತು, ಆಣೆ ಮಾಡುವಷ್ಟು.
ನಾಲ್ಕು ವರ್ಷದಿಂದ ದಿನಾ ನೋಡಿದ ದೀಪ,
ಕಣ್ಣು ಮುಚ್ಚಿದರೂ ಜಾಗ ಗೊತ್ತು.
ಮುಚ್ಚಿದೆ.
ಅಲ್ಲೇ ಇತ್ತು, ಉರಿಯುತ್ತ.

ಅಪ್ಪ ಸಂಡೂರಿನ ಒಂದು ಗಣಿಯ ಗೇಟಿನಲ್ಲಿ
ಲಾರಿ ಎಣಿಸುವ ಗುಮಾಸ್ತನಾಗಿದ್ದ.
ರಾತ್ರಿ ಇಪ್ಪತ್ತೆರಡು ದಾಟಿದರೆ ಪುಸ್ತಕದಲ್ಲಿ ಹದಿನಾಲ್ಕು.
ಎಂಟು ಲಾರಿ ಕಾಣದ ಹಾಗೆ ಕಣ್ಣು ಪಳಗಿಸಿದ್ದ.
ನಮ್ಮ ಮನೆಗೆ ಫ್ರಿಜ್ಜು ಬಂದದ್ದು ಆ ಕಾಣದ ಲಾರಿಗಳಲ್ಲೇ.
ಬೈಯುವುದಿಲ್ಲ ನಾನು. ತಣ್ಣೀರು ಕುಡಿದಿದ್ದೇನೆ.
ಇದ್ದದ್ದನ್ನು ಇಲ್ಲವೆನ್ನಲು ಅವನಿಗೆ ದುಡ್ಡು ಕೊಟ್ಟರು.
ಇಲ್ಲದ್ದನ್ನು ಇದೆಯೆನ್ನಲು ನನಗೆ ಯಾರೂ ಕೊಡುತ್ತಿಲ್ಲ,
ಸುಮ್ಮನೆ ಹೊತ್ತಾಗುತ್ತಿದೆ, ಅಷ್ಟೇ.
ಹೊತ್ತಾಗುವುದೂ ಒಂಥರಾ ದುಡ್ಡೇ.

"ಎಂಟು," ಅಂದೆ.
ವಾಕಿಟಾಕಿಯಲ್ಲಿ ಒಂದು ಗಳಿಗೆ ಬರೀ ಗೊರಗೊರ.
"ಇನ್ನೊಮ್ಮೆ ನೋಡ್ರಿ."
"ನೋಡೀನಿ ಮೇಡಂ. ಎಂಟು."
ಕಾಣದ ಪಂಖವೊಂದು
ನನ್ನ ಕಿವಿಯೊಳಗೆ ನಿಧಾನವಾಗಿ ನಿಂತಿತು.
ಕ್ಯಾಪ್ಟನ್ ಏನೂ ಅನ್ನಲಿಲ್ಲ, ಸಮಯ ಕೇಳಿದನಂತೆ.
ಇಳಿದ ಜನ ಒಗ್ಗರಣಿ ಮಿರ್ಚಿ ಹುಡುಕಿ,
ಸಿಗದೆ, ಬಿಸ್ಕತ್ತು ತಿಂದರು.

ಎಂಟೂವರೆಗೆ ಬಿಸಿಲು ಬಿತ್ತು.
ಮಂಜು ಹೇಳದೆ ಕೇಳದೆ ಎದ್ದು ಹೋಯಿತು.
ಮೊದಲು ಬಂಡೆಗುಡ್ಡ, ಆಮೇಲೆ ಚಿಮಣಿ,
ಆಮೇಲೆ ದೀಪಗಳ ಸಾಲು, ತುದಿಯವರೆಗೆ.
ಹನ್ನೆರಡು, ಹದಿಮೂರು, ಇಪ್ಪತ್ತು, ಎಲ್ಲ ಉರಿಯುತ್ತಿದ್ದವು.
ಒಂಬತ್ತನೆಯದು ಆರಿತ್ತು.

ಬಲ್ಬು ಹೋಗೈತಿ, ಅಂದ ಕರೆಂಟಿನ ಗಾದಿಲಿಂಗ.
ರಾತ್ರಿ ತಪಾಸಣೆಯಲ್ಲಿ ಚೆನ್ನಾಗೇ ಇತ್ತಂತೆ,
ಯಾವ ಹೊತ್ತಿನಲ್ಲಿ ಕಣ್ಣು ಮುಚ್ಚಿತೋ.
ಮೌಲಾಹುಸೇನ ನನ್ನ ಮುಖ ನೋಡಲಿಲ್ಲ,
ನಾನೂ ಅವನದನ್ನು.
ಸತ್ತ ದೀಪವೊಂದನ್ನು ಇಬ್ಬರೂ
ಬೆಳಕಿನ ಸಮೇತ ಕಂಡಿದ್ದೆವು.

ಅದು ಉರಿದಿದ್ದರೆ ನಿಜವಾಗಿ ಕಾಣುತ್ತಿತ್ತೋ,
ಆರೂ ಇಪ್ಪತ್ತಕ್ಕೇ ದಾರಿ ಇತ್ತೋ ಇರಲಿಲ್ಲವೋ,
ಇನ್ನು ಯಾವ ಲೆಕ್ಕಕ್ಕೂ ಸಿಗುವುದಿಲ್ಲ.
ಸುಮಿತ್ರಾ ನಕ್ಕಳು,
"ಬಲ್ಬಿನ ಸಲುವಾಗಿ ಎರಡು ತಾಸು ಕುಂದ್ರಿಸಿದ್ರಲ್ರೀ."
ಇರಬಹುದು.

ರಿಜಿಸ್ಟರಿನಲ್ಲಿ ಬರೆದೆ: ಆರೂ ಇಪ್ಪತ್ತು, ಎಂಟು ದೀಪ.
ಕೆಳಗೆ: ಒಂಬತ್ತು ಕೆಟ್ಟಿತ್ತು, ಆಮೇಲೆ ತಿಳಿಯಿತು.
ಕಂಡಂತಾದದ್ದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ.

ತಲೆಯ ಮೇಲಿಂದ ವಿಮಾನ ಹೋಯಿತು.
ಎಣಿಸಬೇಕಾಗಿರಲಿಲ್ಲ.
ಎಣಿಸಿದೆ. ಒಂದು.