ನಾಲ್ಕನೆಯ ಹೀಟರ್ ಪ್ಲಗ್

ಮೂರು ಬಂದವು, ಕರೆದ ಕೂಡಲೇ.
ನಾಲ್ಕನೆಯದು, ಹಿಂದಿನ ಗೋಡೆಗೆ ಒತ್ತಿಕೊಂಡದ್ದು,
ಜಪ್ಪಯ್ಯ ಅಂದರೂ ಜಗ್ಗದು.

ರೌಮಾದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು.
ತಿಂದದ್ದು ಈ ಡೀಸೆಲ್ ಕಾರು,
ನೀರು ಕುಡಿಯುತ್ತಿರುವವಳು ನಾನು.

ಸೋಮವಾರದಿಂದ ಎಣ್ಣೆ ಹನಿಸಿದ್ದೇನೆ, ಸಂಜೆಗೊಮ್ಮೆ.
ಎಂಜಿನ್ ಬಿಸಿ ಮಾಡಿ, ಬೆರಳು ಸುಟ್ಟುಕೊಂಡು,
ಕೂದಲೆಳೆಯಷ್ಟು ಎಡಕ್ಕೆ, ಮತ್ತೆ ಬಲಕ್ಕೆ.
"ಪೈಪು ತೊಡಿಸಿ ಎಳಿ" ಅಂತಾನೆ ಮೈದುನ ಟೌನೊ,
ಬಾಗಿಲಲ್ಲೇ ನಿಂತು, ಕಾಫಿ ಹೀರುತ್ತ.
ಅವನ ಕಾರಿನ ಹೆಡ್ಡಿನೊಳಗೆ ಮುರಿದ ತುಂಡು
ಇಂದಿಗೂ ಇದೆ;
ಆ ಮಾತು ಎತ್ತುವಂತಿಲ್ಲ.

ಇವತ್ತು ಶನಿವಾರ. ನಾಡಿದ್ದು ಬೆಳಗಿನ ಐದಕ್ಕೆ
ಬಂದರಿನಲ್ಲಿ ಪಾಳಿ, ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ.
ಕಣ್ಣಿಗೆ ಕಾಣದ ಜಾಗ; ಮಣಿಕಟ್ಟೇ ಕಣ್ಣು.
ಸ್ಪ್ಯಾನರು ತುಸು ಮೆತ್ತಗಾಯಿತು.

ಟಕ್.

ಸಡಿಲಾದರೂ ಇದೇ ಸದ್ದು,
ಮುರಿದರೂ ಇದೇ.
ಟೌನೊ ಲೋಟ ಕೆಳಗಿಟ್ಟ.
ನಾನು ಕೈ ತೆಗೆಯಲಿಲ್ಲ.
ಹೊರಗೆ ಉಪ್ಪಿನ ಲಾರಿ
ಹಳದಿ ದೀಪ ತಿರುಗಿಸುತ್ತ ಹಾದುಹೋಯಿತು,
ಗ್ಯಾರೇಜಿನ ಗೋಡೆ ಬೆಳಗಿ, ಆರಿ, ಬೆಳಗಿ.

ಆಮೇಲೆ, ಉಸಿರು ಬಿಗಿಹಿಡಿದು,
ಇನ್ನೊಂದು ಕೂದಲೆಳೆ
ತಿರುಗಿಸಿದೆ.