ಬೇಲಿಯ ಹಿಂಬದಿ

ಮಾರ್ಚ್ ಬಿಸಿಲು, ಕಾಕ್ಸ್ ಟೌನು.
ಹಲಗೆಗೆ ಉಗುರು ಒತ್ತಿ ಸಗಾಯರಾಜ್ ಅಂದ:
"ಪೇಂಟು ಬೇಡಮ್ಮ. ಪೇಂಟು ಮೇಲೆ ಕೂತಿರುತ್ತೆ,
ಸಿಪ್ಪೆ ಎದ್ದು ಹೋಗುತ್ತೆ. ಎಣ್ಣೆ ಒಳಗಿಳಿಯುತ್ತೆ."

ಮೂರು ದಿನ ಉಜ್ಜಿದ.
ಬೂದಿ ಬಣ್ಣದ ಕೆಳಗೆ
ತೇಗ ಇನ್ನೂ ಇತ್ತು, ಬೆಲ್ಲದ ಹಾಗೆ.
ಮಂಗಳೂರಿನ ಯಾವುದೋ ಒಡೆದ ದೋಣಿಯದಂತೆ,
ಮಾವ ಗುಜರಿಯಲ್ಲಿ ಕೊಂಡದ್ದು.
ಮೊಳೆತೂತಿನ ಸುತ್ತ ಈಗಲೂ ಕಪ್ಪು.
ನಾಲಿಗೆಗೆ ತಾಗಿಸಿ ನೋಡಿದೆ,
ಉಪ್ಪಿರಲಿಲ್ಲ.

ಹಳೆ ಲುಂಗಿಯ ತುಂಡು, ಅಗಸೆ ಎಣ್ಣೆ,
ಟರ್ಪೆಂಟೈನು, ಚಿಟಿಕೆ ಕಾವಿ.
ಎರಡು ಹಲಗೆ ನಾನೂ ಒರೆಸಿದೆ.
ಹಸುಗೂಸಿನ ನೆತ್ತಿ ಕುಡಿದ ಹಾಗೆ
ಹಚ್ಚಿದಷ್ಟೂ ಕುಡಿಯಿತು ಮರ.

ಸಂಜೆ ಅಂದ: "ಆ ಕಡೆಗೂ ಹಚ್ಚಬೇಕು.
ಬಿಸಿಲು ಮುಂದಿಂದ ತಿಂದರೆ
ನೀರು ಹಿಂದಿಂದ ತಿನ್ನುತ್ತೆ."

ಆ ಕಡೆ ಅಂದರೆ ಪರಿಮಳಾ ಟೀಚರ ಅಂಗಳ.
ನಮ್ಮ ನುಗ್ಗೆಮರದ ಕಂಬಳಿಹುಳು
ಅವರ ಗೋಡೆ ಹತ್ತಿದ ವರ್ಷದಿಂದ
ಮಾತಿಲ್ಲ.

ಡಬ್ಬ ಹಿಡಿದು ಗೇಟು ತಟ್ಟಿದೆ.
ಬಾಗಿಲು ತೆರೆದವರು ನನ್ನ ಮುಖ ನೋಡಲಿಲ್ಲ,
ಕಾವಿ ಹತ್ತಿದ ಬೆರಳು ನೋಡಿದರು.
"ಸೀಮೆಎಣ್ಣೆ ಕೊಡ್ಲಾ, ಕೈ ತೊಳೆಯೋಕೆ?"

"ಇನ್ನೂ ಮುಗಿದಿಲ್ಲ," ಅಂದೆ.