ಹುಳಿಯಾಗುವ ಮೊದಲು

ಐದೂ ಮುಕ್ಕಾಲಿಗೆ ಗ್ರೈಂಡರು ನಿಂತಿತು,
ಹೊಟ್ಟೆಯಲ್ಲಿ ಅರ್ಧ ಅರೆದ ಅಕ್ಕಿ.
ಫ್ಯಾನು ಇನ್ನೆರಡು ಸುತ್ತು ಸಾಲಕ್ಕೆ ತಿರುಗಿ
ತಾನೂ ಸುಮ್ಮನಾಯಿತು.
ಮೂರನೇ ಕ್ರಾಸಿನ ಕಡೆ ಢಮ್ಮೆಂದಿತ್ತು, ನೀಲಿ ಬೆಳಕು.
ಟ್ರಾನ್ಸ್‌ಫಾರ್ಮರ್ ಹೋಯ್ತು, ಎಂದಳು ತನುಶ್ರೀ,
ಯಾರೋ ನೆಂಟರು ಹೋದರೆನ್ನುವ ಹಾಗೆ.

ಆಮೇಲೆ ಗಾಳಿ.
ಮತ್ತೀಕೆರೆಯ ಗಾಳಿ ಇಷ್ಟು ದೊಡ್ಡದೆಂದು ಗೊತ್ತಿರಲಿಲ್ಲ,
ಇಷ್ಟು ದಿನ ಗಲ್ಲಿಯ ಅಗಲಕ್ಕೆ ತಕ್ಕಂತೆ ಇದ್ದುಕೊಂಡಿತ್ತು.
ಎದುರು ಮನೆಯ ತಗಡು ಎದ್ದು ಬಂದು
ನಮ್ಮ ಸಿಂಟೆಕ್ಸಿಗೆ ಬಡಿಯಿತು.
ಆಲಿಕಲ್ಲಿಗೆ ಒಡೆದ ಕಿಟಕಿಗೆ ಚಾಪೆ ಅಡ್ಡವಿಟ್ಟು
ಬೆನ್ನು ಕೊಟ್ಟು ನಿಂತೆ.
ಬಾಗಿಲ ಸಂದಿಗೆ ತುರುಕಿದ್ದು ನಾದಿನಿ ಕೊಟ್ಟ ಸೀರೆ,
ಒಂದು ಸಲವೂ ಉಟ್ಟಿರಲಿಲ್ಲ.

ಇವರ ಫೋನು: ಗೊರಗುಂಟೆಪಾಳ್ಯದ ಸೇತುವೆ ಕೆಳಗೆ
ನೂರಾರು ಗಾಡಿಗಳ ನಡುವೆ ನಿಂತಿದ್ದೀನಿ,
ಹಿಟ್ಟು ಹೇಗಿದೆ?
ಕೋಪ ಬರಲಿಲ್ಲ.
ಈ ಮನೆಯಲ್ಲಿ ಹಿಟ್ಟು ಹೇಗಿದೆ ಅಂದರೆ
ನೀನು ಹೇಗಿದ್ದೀಯ ಅಂತಲೇ.

ಹೇಗಿದೆ?
ಇಪ್ಪತ್ತೆರಡು ಕೇಜಿ, ಬೆಳಗಿನ ಆರ್ಡರು.
ಫ್ರಿಜ್ಜಿನ ಬಾಗಿಲು ತೆಗೀಬೇಡ ಎಂದು ಮಗಳಿಗೆ ಹೇಳಿ
ನಾನೇ ಮೂರು ಸಲ ತೆಗೆದೆ,
ಜ್ವರದ ಮಗುವಿನ ಹಣೆಯ ಹಾಗೆ
ಪ್ಯಾಕೆಟ್ಟುಗಳನ್ನು ಮುಟ್ಟಿ ಮುಟ್ಟಿ ನೋಡಿದೆ.
ಬೆಸ್ಕಾಂ ನಂಬರು ಎಂಗೇಜು. ಫೋನಿನಲ್ಲಿ ಒಂಬತ್ತು ಪರ್ಸೆಂಟು.

ಎಂಟೂವರೆಗೆ ಮೊದಲ ಪ್ಯಾಕೆಟ್ಟು ಬಾತಿತು.
ಕತ್ತಲಲ್ಲಿ ಹಿಟ್ಟು ಉಬ್ಬುವ ಸದ್ದು ಕೇಳಿದ್ದೀರಾ?
ಸಣ್ಣಗೆ, ಪುಸ್ ಪುಸ್ ಎಂದು,
ನಿದ್ದೆಯಲ್ಲಿ ಯಾರೋ ಬಾಯಿಂದ ಉಸಿರು ಬಿಟ್ಟಂತೆ.
ಮೇ ತಿಂಗಳ ಹಿಟ್ಟಿಗೆ ಯಾರ ಕಷ್ಟವೂ ಗೊತ್ತಿಲ್ಲ.

ಸಾವಿರದ ಮುನ್ನೂರಿಪ್ಪತ್ತು ರೂಪಾಯಿ ಎಂದು ಲೆಕ್ಕ ಹಾಕಿದೆ,
ಇನ್ನೊಮ್ಮೆ ಹಾಕಿದೆ, ಅಷ್ಟೇ ಬಂತು.
ಕಾವಲಿ ಇಟ್ಟೆ.
ದಾನವಲ್ಲ, ಚೆಲ್ಲಲು ಮನಸ್ಸಾಗಲಿಲ್ಲ.

ದೋಸೆ! ತಟ್ಟೆ ತನ್ನಿ!
ತನುಶ್ರೀ ಮೆಟ್ಟಿಲಲ್ಲಿ ನಿಂತು ಕೂಗಿದಳು.
ಮೇಲಿನ ಸೆಲ್ವಿ ಬಂದಳು, ಅತ್ತೆಯ ಇನ್ಸುಲಿನ್ ಹಿಡಿದು;
ಡಬ್ಬಿಗೆ ಹಾಕಿ ದಾರ ಕಟ್ಟಿ
ನನ್ನ ಮಣ್ಣಿನ ಮಡಕೆಯೊಳಗೆ ಇಳಿಬಿಟ್ಟೆವು.
ಓನರ್ ಮುನಿಲಕ್ಷ್ಮಮ್ಮ ಮೂರು ತಿಂದು
ಹುಳಿ ಜಾಸ್ತಿ, ಎಂದರು, ನಾಲ್ಕನೆಯದಕ್ಕೆ ತಟ್ಟೆ ಒಡ್ಡಿ.
ಇನ್ವರ್ಟರ್ ಇದ್ದ ಎರಡನೇ ಮಹಡಿಯವರು ಮಾತ್ರ
ಬೆಳಕಿನಲ್ಲಿ ಒಬ್ಬರೇ ಕೂತಿದ್ದರು.
ಹತ್ತಕ್ಕೆ ಅದೂ ಕೀ ಕೀ ಎಂದು ಸತ್ತ ಮೇಲೆ
ಇಳಿದು ಬಂದರು. ನಸೀಮಾ ಅಂತೆ ಹೆಸರು.
ನಾಲ್ಕು ವರ್ಷದಿಂದ ವಾರಕ್ಕೊಂದು ಕೇಜಿ ಒಯ್ಯುವವರು.

ಹನ್ನೆರಡರ ಮೇಲೆ ಮಳೆ ಸಣ್ಣಗಾಯಿತು.
ಗುಲ್‌ಮೊಹರ್ ಮರ ತಂತಿಗಳ ಸಮೇತ
ರಸ್ತೆಗೆ ಅಡ್ಡ ಮಲಗಿತ್ತು, ಚರಂಡಿ ತುಂಬ ಕೆಂಪು.
ಲೈನ್‌ಮನ್ ಹುಡುಗ, ಸಿಂದಗಿ ಕಡೆಯವನು,
ಹಣೆಗೆ ಟಾರ್ಚು ಕಟ್ಟಿಕೊಂಡೇ ಆರು ದೋಸೆ ತಿಂದ.
ಸಾಕ್ರಿ ಯವ್ವಾ, ಕಂಬ ಹತ್ತೂದೈತಿ,
ಎಂದು ಏಳನೆಯದನ್ನು ಪೇಪರಿನಲ್ಲಿ ಸುತ್ತಿ ಜೇಬಿಗಿಟ್ಟ.
ಅವನ ಕೈಗವಸಿನ ಹೆಬ್ಬೆರಳಿಗೆ ತೂತು.
ಕಂಬ ಒದ್ದೆ.
ಅಲ್ಲಿಂದಾಚೆಗೆ, ಬೇಗ ಬರಲಿ ಕರೆಂಟು
ಎಂದು ಬೇಡಿಕೊಳ್ಳಲು ಆಗಲಿಲ್ಲ.

ಇವರು ಎರಡಕ್ಕೆ ಬಂದರು, ಸ್ಕೂಟರು ತಳ್ಳಿಕೊಂಡು.
ಖಾಲಿ ಬೇಸಿನ್ನುಗಳನ್ನು ಬಗ್ಗಿ ನೋಡಿದರು,
ಏನೂ ಹೇಳಲಿಲ್ಲ.
ತಳದ ಹಿಟ್ಟಿಗೆ ಈರುಳ್ಳಿ ಹೆಚ್ಚಿ ಹಾಕಿ ಹೊಯ್ದೆ,
ಒದ್ದೆ ಬಟ್ಟೆಯಲ್ಲೇ ತಿಂದರು.

ನಾಲ್ಕೂ ಕಾಲು. ಎಲ್ಲ ಮಲಗಿದ್ದಾಗ
ಗ್ರೈಂಡರು ತಾನೇ ತಿರುಗತೊಡಗಿತು.
ಸ್ವಿಚ್ಚು ಆರಿಸುವುದನ್ನೇ ಮರೆತಿದ್ದೆ;
ಏನೂ ಆಗದವರ ಹಾಗೆ
ಬಿಟ್ಟ ಕಡೆಯಿಂದಲೇ ಅರೆಯುತ್ತಿತ್ತು.
ಬಂತು, ಬಂತು, ಎಂದರು ಯಾರೋ ಮೇಲೆ.
ಎದ್ದವಳು ಮೊದಲು ಕಿಟಕಿಗೆ ಹೋದೆ,
ಚಾಪೆ ಸರಿಸಿ,
ಕಂಬದ ಬುಡದಲ್ಲಿ ಆ ಟಾರ್ಚು ಅಲ್ಲಾಡುವವರೆಗೆ ನೋಡಿದೆ.

ಆಮೇಲೆ ಬಂದು
ಕಲ್ಲಿಗೆ ಒಂದು ಲೋಟ ನೀರು ಹಾಕಿದೆ.